ಐದು ಅತಿಥಿಗಳು ಬರುತ್ತಾರಂತೆ

"ಕೈ ಹೊರಗೆ ತೆಗಿ. ಇಲ್ಲಾಂದ್ರೆ ಈ ಗುದ್ದಲಿ ಎಲ್ಲಿ ಬೀಳುತ್ತೋ ನಂಗೇ ಗೊತ್ತಿಲ್ಲ."

ಮಕ್ಪಾಲ್ ಗುದ್ದಲಿಯನ್ನು ತಲೆಯ ಮೇಲೆತ್ತಿ ನಿಂತಿದ್ದಳು. ಅವಳ ಟೊಮೇಟೊ ಮಡಿಯ ಮುಂದೆ ಯಾರೋ ಒಬ್ಬ ಗಂಡಸು ಮಂಡಿಯೂರಿ ಕೂತು, ಬಲಗೈಯನ್ನು ಮೊಣಕೈವರೆಗೆ ಮಣ್ಣಿನೊಳಗೆ ಇಳಿಸಿದ್ದ. ಅವನ ಪಕ್ಕದಲ್ಲೇ ಮೂರು ಸಸಿಗಳು ಬುಡ ಕಡಿದುಕೊಂಡು ಬಿದ್ದಿದ್ದವು.

ಅವನು ತಿರುಗಿಯೂ ನೋಡಲಿಲ್ಲ.

"ಒಂದು ನಿಮಿಷ ಇರಿ... ಸಿಕ್ತು ಅನ್ಸುತ್ತೆ."

'ನನ್ನ ಗಿಡ ಕಿತ್ತು, ನನಗೇ ಇರು ಅಂತಾನೆ!' ಮಕ್ಪಾಲ್ ಗುದ್ದಲಿಯ ಹಿಡಿಯನ್ನು ಇನ್ನೂ ಬಿಗಿಹಿಡಿದಳು. ಅದು ಸಿಟ್ಟೋ ಹೆದರಿಕೆಯೋ ಅವಳಿಗೇ ತಿಳಿಯಲಿಲ್ಲ.

ಅವನು ಕೈಯನ್ನು ಮೆಲ್ಲಗೆ ಹೊರಗೆಳೆದ. ಬೆರಳುಗಳ ನಡುವೆ ಕಂದು ಬಣ್ಣದ, ಮಖಮಲ್ಲಿನಂತಹ ಮೈಯ ಹುಳುವೊಂದು ಒದ್ದಾಡುತ್ತಿತ್ತು. ಅದರ ಮುಖ ಪುಟ್ಟ ಕರುವಿನ ಮುಖದಂತೆಯೇ ಇತ್ತು. ಊರಿನವರು ಅದನ್ನು ಕರುತಲೆ ಎಂದೇ ಕರೆಯುತ್ತಿದ್ದರು. ನೆಲದೊಳಗೆ ಸುರಂಗ ಕೊರೆದು, ರಾತ್ರಿಯೆಲ್ಲ ಎಳೆಯ ಬೇರುಗಳನ್ನು ಕತ್ತರಿಸುವ ಶನಿ ಅದು.

"ಗಿಡ ಕಿತ್ತವನು ನಾನಲ್ಲ, ಇವನು," ಎಂದ ಆತ. ಅವನ ಹೆಬ್ಬೆರಳಿನಿಂದ ರಕ್ತ ಜಿನುಗುತ್ತಿತ್ತು. "ಇವನೊಬ್ಬನೇ ಅಲ್ಲ. ಕೆಳಗೆ ದೊಡ್ಡ ಸಂಸಾರ ಇದೆ."

"ಬೇರೆಯವರ ಮನೆಗೆ ಬಂದ್ರೆ ಬಾಗಿಲು ತಟ್ಟೋ ಪದ್ಧತಿ ಇಲ್ವಾ ನಿಮ್ಮ ಕಡೆ?"

"ತಟ್ಟಿದೆ. ನಾಯಿ ಬಂತು. ಬಾಲ ಆಡಿಸ್ತು. ಅದನ್ನೇ ಒಪ್ಪಿಗೆ ಅಂದ್ಕೊಂಡೆ."

ಮಕ್ಪಾಲ್ ತುಟಿ ಕಚ್ಚಿಕೊಂಡಳು. ಬಂದ ನಗುವನ್ನು ನುಂಗಿದಳು. ಗುದ್ದಲಿ ಮಾತ್ರ ತಾನಾಗಿಯೇ ಕೆಳಗಿಳಿಯಿತು.

ಅಷ್ಟರಲ್ಲಿ ಅವಳ ಅಜ್ಜಿ, ಊರವರೆಲ್ಲ 'ಅಜೆ' ಎನ್ನುವ ಕುಲ್ಜಿಪಾ, ಕೋಲೂರಿಕೊಂಡು ಅಂಗಳಕ್ಕೆ ಬಂದಳು. "ಯಾರೇ ಅದು? ಕಣಿವೆ ಮೇಲಿನ ಹವಾಮಾನ ಚೌಕಿಗೆ ಹೊಸದಾಗಿ ಬಂದ ಹುಡುಗ ಅಲ್ವೇನೇ? ಹಾಲು ಕೇಳೋಕೆ ಬರ್ತೀನಿ ಅಂದಿದ್ದ. ಹೊಡೀಬೇಡ್ವೇ, ನನ್ನ ಮುದ್ದೇ, ನನ್ನ ಜೀವ ನಿನ್ನ ಸುತ್ತಿ ಹೋಗ್ಲಿ. ಹೊಡೆಯೋದಾದ್ರೂ ಚಹಾ ಕುಡಿಸಿ ಹೊಡಿ."

ಹೀಗೆ ಶುರುವಾಯಿತು ದೌರೆನ್ ಮತ್ತು ಮಕ್ಪಾಲರ ಪರಿಚಯ.

*

ಅಕ್‌ಬಸ್ತೌ ಎಂಬ ಆ ಊರು ಬೆಟ್ಟದ ಬುಡದಲ್ಲಿತ್ತು. ವಸಂತದ ಹೊಸ ವರ್ಷದ ನೌರಿಜ್ ಹಬ್ಬ ಕಳೆದು ವಾರವಾಗಿತ್ತು. ಇಳಿಜಾರಿನಲ್ಲಿ ಕೆಂಪು ಟುಲಿಪ್ ಹೂಗಳು ಅರಳುತ್ತಿದ್ದವು, ಏಪ್ರಿಕಾಟ್ ಮರಗಳು ಬೆಳ್ಳಗೆ ತುಂಬಿ ನಿಂತಿದ್ದವು. ಅಂತಹ ದಿನಗಳಲ್ಲಿ ಭಗವಂತ ಭೂಮಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿರುತ್ತಾನೇನೋ ಅನ್ನಿಸುತ್ತದೆ. ಆದರೆ ತೋಟ ಮಾಡುವವರಿಗೆ ಭಯದ ದಿನಗಳೂ ಅವೇ.

ಮಕ್ಪಾಲಳ ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದಳು. ತಂದೆ ಕಳೆದ ಚಳಿಗಾಲದಲ್ಲಿ ಕಣ್ಣುಮುಚ್ಚಿದ್ದ. ಉಳಿದವರು ಅಜ್ಜಿ ಮತ್ತು ಮೊಮ್ಮಗಳು, ಒಂದು ಹಸು, ಕೊಬ್ಬಿದ ಬಾಲದ ಒಂದು ಕುರಿ ಮತ್ತು ಮನೆಯ ಹಿಂದಿನ ತೋಟ.

ತಂದೆಯ ತಮ್ಮ ಒಂಗಾರ್ ಶಿಮ್ಕೆಂತ್ ಪಟ್ಟಣದಲ್ಲಿದ್ದ; ಮಕ್ಪಾಲ್ ಅವನನ್ನು ಕೊಕೆ ಎಂದು ಕರೆಯುತ್ತಿದ್ದಳು. ಅಣ್ಣನ ಸಾವಿನ ನಲವತ್ತನೆಯ ದಿನದ ಊಟಕ್ಕೆ ಬಂದಾಗ ಅವನು ತನ್ನ ತಾಯಿಯಾದ ಅಜ್ಜಿಯ ಕೈ ಹಿಡಿದು ಹೇಳಿ ಹೋಗಿದ್ದ: "ಅಪಾ, ಈ ವಸಂತ ತೋಟ ನಿಂತರೆ ನೀವಿಲ್ಲೇ ಇರಿ, ನಾನು ಬಾಯಿ ತೆರೆಯಲ್ಲ. ನಿಲ್ಲಲಿಲ್ಲ ಅಂದ್ರೆ ಲಾರಿ ತರ್ತೀನಿ. ಮನೆಗೆ ಬೀಗ ಹಾಕಿ ಇಬ್ಬರೂ ನನ್ನ ಜತೆ ಬರ್ಬೇಕು."

ಅವನ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಇಬ್ಬರು ಹೆಂಗಸರನ್ನು ಬೆಟ್ಟದ ಬುಡದಲ್ಲಿ ಬಿಟ್ಟು ಅವನಿಗೆ ನಿದ್ದೆ ಬರುತ್ತಿರಲಿಲ್ಲ ಅಷ್ಟೆ.

ಹಾಗಾಗಿ ಆ ಟೊಮೇಟೊ ಮಡಿಯೇ ಮಕ್ಪಾಲಳಿಗೆ ಎಲ್ಲವೂ ಆಗಿತ್ತು. ಫೆಬ್ರವರಿಯಲ್ಲಿ ಕಿಟಕಿಯ ಬಳಿ ಬೀಜ ಹಾಕಿದ್ದಳು. ಕೆಳಗೆ ಕುದುರೆ ಲದ್ದಿ ತುಂಬಿ, ಮೇಲೆ ಮಣ್ಣು ಹರವಿ, ಬಿಸಿ ಮಡಿ ಮಾಡಿದ್ದಳು. ವಿಲೋ ಕಡ್ಡಿಗಳನ್ನು ಬಗ್ಗಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದಳು. ಹಾಳೆ ಹಳೆಯದು, ತೇಪೆ ಹಾಕಿದ್ದು. ಹಾಗಾಗಿ ಸಂಜೆಯಾಗುತ್ತಲೇ ಅದರ ಮೇಲೆ ಮನೆಯ ಉಣ್ಣೆ ರಜಾಯಿಗಳನ್ನೆಲ್ಲ ಹಾಸುತ್ತಿದ್ದಳು. ಅಜ್ಜಿಯ ಮದುವೆಯ ರಜಾಯಿ ಸಹ ಅಲ್ಲೇ ಇತ್ತು. ಅವರಿಬ್ಬರು ಹಳೆಯ ಕೋಟು ಹೊದ್ದು ಮಲಗುತ್ತಿದ್ದರು.

ಆ ಬೆಚ್ಚಗಿನ ಲದ್ದಿಗೇ ಕರುತಲೆಗಳು ಬಂದು ಸೇರಿಕೊಂಡಿದ್ದವು.

*

ದೌರೆನ್ ಮಾರನೆಯ ಸಂಜೆಯೂ ಬಂದ. ಅದರ ಮಾರನೆಯ ಸಂಜೆಯೂ ಬಂದ. ಚೌಕಿಯಲ್ಲಿ ಮೂರು ಗಂಟೆಗೊಮ್ಮೆ ಶಾಖಮಾಪಕ ನೋಡಿ ಬರೆಯಬೇಕಿತ್ತು. ಆ ಹೊತ್ತಿನ ಸರದಿ ಜತೆಗಾರನಿಗೆ ಒಪ್ಪಿಸಿ ಬೆಟ್ಟವಿಳಿದು ಬರುತ್ತಿದ್ದ.

ಇಬ್ಬರೂ ಹಳೆಯ ಡಬ್ಬಿಗಳನ್ನು ಮಡಿಯ ಅಂಚಿಗೆ ಕುತ್ತಿಗೆಯವರೆಗೆ ಹೂಳಿ, ಒಳಗೆ ಹುಳಿ ಬಂದ ಬರಗಿನ ಗಂಜಿ ಸುರಿಯುತ್ತಿದ್ದರು. ವಾಸನೆಗೆ ಬಂದ ಹುಳು ಒಳಗೆ ಬಿದ್ದರೆ ಮೇಲೆ ಹತ್ತಲಾರದು.

"ನಿಮ್ಮ ಅಜೆ ಮಾಡೋ ಗಂಜಿ ನಂಗೂ ಇಷ್ಟ. ಬೆಳಿಗ್ಗೆ ಡಬ್ಬೀಲಿ ನಾನು ಸಿಕ್ರೆ ಎತ್ತಿ ಹೊರಗೆ ಹಾಕಿ."

"ಹಾಕಲ್ಲ. ಕೋಳಿಗೆ ಕೊಡ್ತೀನಿ."

"ಕೋಳಿ ನಿಮ್ಮಷ್ಟು ನಿರ್ದಯಿ ಅಲ್ಲ, ತಿನ್ನಲ್ಲ."

ಅಜ್ಜಿ ಹೊಸಿಲ ಮೇಲೆ ಜಪಮಣಿ ಎಣಿಸುತ್ತ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಕೇಳದವಳಂತೆ ಇರುತ್ತಿದ್ದಳು.

ಒಂದು ಸಂಜೆ ಅವಳು ಕೇಳಿಯೇಬಿಟ್ಟಳು. "ಏನಪ್ಪಾ, ಏಳು ತಲೆಮಾರಿನ ಹೆಸರು ಗೊತ್ತಾ ನಿನಗೆ? ಈಗಿನ ಹುಡುಗ್ರಿಗೆ ಅಜ್ಜನ ಹೆಸರೇ ಗೊತ್ತಿರಲ್ಲ."

ದೌರೆನ್ ಕೈಯ ಮಣ್ಣು ಒರೆಸಿಕೊಂಡು ನೆಟ್ಟಗೆ ಕೂತ. ತಂದೆಯಿಂದ ಹಿಡಿದು ಏಳೂ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿದ. ಅಜ್ಜಿಯ ಮುಖ ಅರಳಿತು. "ದೊಡ್ಡ ಮನೆತನ ಕಣಪ್ಪಾ. ಎಲ್ಲಿದ್ದಾರೆ ನಿನ್ನ ಕಡೆಯವರು?"

"ದೂರ ಇದ್ದಾರೆ ಅಜೆ," ಎಂದ. ಎಂದವನೇ ಎದ್ದು ಡಬ್ಬಿ ಹೂಳಲು ಹೋದ.

ಮಕ್ಪಾಲ್ ಅದನ್ನು ನೋಡಿದಳು. ಅವನ ಧ್ವನಿಯಲ್ಲಿ ಏನೋ ಮುರಿದಂತಾಯಿತು ಅನ್ನಿಸಿತು... ಆದರೆ ಕೇಳಲಿಲ್ಲ. 'ಕೇಳೋಕೆ ನಾನ್ಯಾರು?'

ರಜಾಯಿ ಹಾಸುವಾಗ ಅವನು ಒಂದು ತುದಿ, ಅವಳು ಒಂದು ತುದಿ ಹಿಡಿಯುತ್ತಿದ್ದರು.

"ಇನ್ನೆಷ್ಟು ದಿನ ಹೊದಿಸಬೇಕು?" ಎಂದು ಅವನು ಒಮ್ಮೆ ಕೇಳಿದ.

ಉತ್ತರ ಕೊಟ್ಟವಳು ಅಜ್ಜಿ. "ಐದು ಅತಿಥಿಗಳು ಬಂದು ಹೋಗೋ ತನಕ. ಹಿಂದೆ ಐದು ಜನ ದಾರಿಹೋಕರು ಏಪ್ರಿಲ್ ಬಿಸಿಲು ನಂಬಿ, ತುಪ್ಪಟದ ಕೋಟು ಮನೇಲೇ ಬಿಟ್ಟು ಹೊರಟಿದ್ರಂತೆ. ಕಣಿವೇಲಿ ಹಿಮ ಸುರೀತು. ಐದೂ ಜನ ಹೆಪ್ಪುಗಟ್ಟಿ ಹೋದ್ರು. ಅವತ್ತಿಂದ ವರ್ಷ ವರ್ಷ ಹದಿನೆಂಟನೇ ತಾರೀಕಿಗೆ ಬರ್ತಾರೆ, ಬೆಂಕಿ ಕೇಳ್ಕೊಂಡು. ದೇವರು ಅವರಿಗೆ ಬೆಚ್ಚನೆ ಜಾಗ ಕೊಡ್ಲಿ."

ದೌರೆನ್ ತಲೆಯಾಡಿಸಿದ. ಏಪ್ರಿಲಿನ ಕೊನೆಯ ಹಿಮಕ್ಕೆ 'ಐದು ಅತಿಥಿಗಳು' ಎಂಬ ಹೆಸರಿದೆ ಎಂದು ಅವನಿಗೂ ಗೊತ್ತಿತ್ತು. ಆ ನೆಲದಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತಿರುತ್ತದೆ.

*

ಏಪ್ರಿಲ್ ಏಳಕ್ಕೆ ದೌರೆನ್ ಬರಲಿಲ್ಲ. ಜತೆಗಾರ ಹೊಟ್ಟೆನೋವೆಂದು ಪಟ್ಟಣದ ಆಸ್ಪತ್ರೆಗೆ ಹೋಗಿದ್ದ, ಚೌಕಿಯಲ್ಲಿ ಅವನೊಬ್ಬನೇ ಉಳಿದಿದ್ದ. ಮಕ್ಪಾಲ್ ರಜಾಯಿಗಳನ್ನು ಒಬ್ಬಳೇ ಹಾಸಿದಳು. ಅವು ಇಷ್ಟು ಭಾರವೆಂದು ಅವಳಿಗೆ ಮರೆತೇ ಹೋಗಿತ್ತು.

ಎಂಟನೆಯ ತಾರೀಕು ಸಂಜೆ ಅಂಚೆ ಕಚೇರಿಯ ನೆಸಿಪ್ಕುಲ್ ಏದುಸಿರು ಬಿಡುತ್ತ ಓಡಿಬಂದಳು. ಆ ದಿನಗಳಲ್ಲಿ ಊರಿಗೆ ಇದ್ದದ್ದು ಒಂದೇ ಫೋನು, ಅದು ಅವಳ ಮೇಜಿನ ಮೇಲಿತ್ತು. ವರಸೆಯಲ್ಲಿ ಅವಳು ಮಕ್ಪಾಲಳಿಗೆ ಅತ್ತಿಗೆ, ಅಂದರೆ ಜೆಂಗೆ. ನಾದಿನಿಯರ ಗುಟ್ಟು ಹೊತ್ತು ತಿರುಗುವುದು ಜೆಂಗೆಯರ ಹಕ್ಕು.

"ಕುಲ್ಜಿಪಾ ಅಜೆ, ನನಗೆ ಸಿಹಿ ಕೊಡಿ. ಆಮೇಲೆ ಹೇಳ್ತೀನಿ."

"ಮೊದಲು ಹೇಳೇ, ನಾಲಿಗೆ ಉದ್ದದವಳೇ."

"ಮೇಲಿನ ಚೌಕಿಯಿಂದ ಫೋನು. ನಿಮ್ಮ ಹವಾಮಾನದ ಹುಡುಗ. ತಂತಿ ಕರಕರ ಅಂತಿತ್ತು, ಆದ್ರೂ ಕೇಳಿಸ್ತು. 'ಕುಲ್ಜಿಪಾ ಅಜೆಗೆ ಹೇಳಿ, ಐದು ಅತಿಥಿಗಳು ನಾಳೆ ಸಂಜೆ ನಮ್ಮ ಕಡೆಯಿಂದ ಇಳಿದು ಬರ್ತಾರೆ. ಹೊದಿಕೆ ಎಲ್ಲ ಸಿದ್ಧ ಮಾಡ್ಕೊಳ್ಳಲಿ.' ಆಮೇಲೆ ತಂತಿ ಕಡಿದುಹೋಯ್ತು."

ಅಜ್ಜಿ ಜಪಮಣಿ ಕೆಳಗಿಟ್ಟಳು.

"ನಮ್ಮ ಕಡೆಯಿಂದ ಅಂದ್ನಾ?" ಅಜ್ಜಿ ಕೇಳಿದಳು.

"ಅಂದ. ಇದೇ ಕಿವಿ ಅಜೆ." ನೆಸಿಪ್ಕುಲ್ ಮಕ್ಪಾಲಳ ಕೆನ್ನೆ ಚಿವುಟಿದಳು. "ಹುಳ ಹಿಡಿಯೋಕೆ ಬರ್ತಾನಂತೆ ಹುಳ! ನೋಡು ಹೇಗೆ ಕೆಂಪಾದಳು."

ಮಕ್ಪಾಲ್ ಕೆಟಲಿನ ನೆಪ ಹೇಳಿ ಹೊರಗೋಡಿದಳು. ಒಲೆಯ ಮುಂದೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. 'ಹೆಣ್ಣು ಕೇಳೋಕೆ ಬರ್ತಿದ್ದಾರೆ... ಒಂದು ಮಾತೂ ನನ್ನ ಹತ್ರ ಆಡದೆ... ದೂರದಿಂದ ಕರೆಸಿದಾನೆ.'

ಒಂದೇ ಒಂದು ಸಲ, ಮಿಂಚಿನ ಹಾಗೆ, ಇನ್ನೊಂದು ಅರ್ಥವೂ ಅವಳ ತಲೆಯಲ್ಲಿ ಹಾದುಹೋಯಿತು. ಆದರೆ ಹಿಮದ ಆ ಐದು ಅತಿಥಿಗಳಿಗೆ ಇನ್ನೂ ಹತ್ತು ದಿನವಿತ್ತು. ಮತ್ತೆ ಅವಳ ಮನಸ್ಸಿಗೆ ಬೇಕಾದ ಅರ್ಥ ಬೇರೆಯೇ ಇತ್ತು.

*

ಮಾರನೆಯ ಬೆಳಿಗ್ಗೆ ಇದ್ದ ಒಂದೇ ಕುರಿಯನ್ನು ಪಕ್ಕದ ಮನೆಯವರು ಬಂದು ಬಿಸ್ಮಿಲ್ಲಾ ಹೇಳಿ ಕೊಯ್ದುಕೊಟ್ಟರು. ಬೀಗರಿಗೆ ಬಾಲದ ಕೊಬ್ಬು ಮತ್ತು ಈಲಿ ಬಡಿಸಬೇಕು. ಅವರು ಅದನ್ನು ತಿಂದರೆ ಮಾತು ಕೂಡಿದಂತೆ.

"ರಜಾಯಿ ತೆಗಿಯೇ," ಎಂದಳು ಅಜ್ಜಿ. "ಐದು ಜನ ಮಲಗಬೇಕು. ಲದ್ದಿ ವಾಸನೆ ಹೋಗೋ ಹಾಗೆ ಒಗೆದು ಬಿಸಿಲಿಗೆ ಹಾಕು."

"ಅಜೆ... ಗಿಡಗಳಿಗೆ ಇವತ್ತು ರಾತ್ರಿ?"

"ಒಂದು ರಾತ್ರಿಗೆ ಏನಾಗುತ್ತೆ? ಬೆನ್ನು ಸುಡೋ ಬಿಸಿಲು ನೋಡು. ಹೊದಿಕೆ ಸಿದ್ಧ ಮಾಡಿ ಅಂತ ಅವನೇ ಹೇಳಿ ಕಳಿಸಿದಾನೆ. ನಮ್ಮನೇಲಿ ರಜಾಯಿ ಎಲ್ಲಿರುತ್ತೆ ಅಂತ ಅವನಿಗೆ ಗೊತ್ತಿಲ್ವಾ?"

ನಿಜವೇ. ಅಂದು ತುಂಬ ಬಿಸಿಲಿತ್ತು. ಮಕ್ಪಾಲ್ ರಜಾಯಿಗಳನ್ನು ಒಂದೊಂದಾಗಿ ಎತ್ತಿದಳು. ಪ್ಲಾಸ್ಟಿಕ್ಕಿನ ಕೆಳಗೆ ಸಸಿಗಳು ಗೇಣೆತ್ತರ ಬೆಳೆದು ಮೊಗ್ಗಿಡುತ್ತಿದ್ದವು. ಹತ್ತು ದಿನದಿಂದ ಒಂದೇ ಒಂದು ಗಿಡವನ್ನೂ ಕರುತಲೆ ಮುಟ್ಟಿರಲಿಲ್ಲ. ಅವಳು ಹಾಡು ಗುನುಗುತ್ತ ರಜಾಯಿ ಒಗೆದಳು.

ಸಂಜೆ ನೆಲಕ್ಕೆ ಹಾಸಿದ ಊಟದ ಬಟ್ಟೆ ದಸ್ತರ್‌ಖಾನಿನ ಮೇಲೆ ರೊಟ್ಟಿ, ಒಣದ್ರಾಕ್ಷಿ, ಬೆಣ್ಣೆ. ಮಡಚಿಟ್ಟ ರಜಾಯಿಗಳು ಗೋಡೆಯ ಪಕ್ಕ ಎತ್ತರಕ್ಕೆ ನಿಂತಿದ್ದವು. ಅಜ್ಜಿ ಬಿಳಿಯ ತಲೆವಸ್ತ್ರ ಸುತ್ತಿಕೊಂಡು ಕಿಟಕಿಯ ಬಳಿ ಕೂತಳು.

ಕಣಿವೆಯ ಮೇಲೆ ಮೋಡ ಇಳಿಯಿತು. ಗಾಳಿ ಶುರುವಾಯಿತು.

"ದಾರಿ ಕೆಟ್ಟಿರಬೇಕು," ಎಂದಳು ಅಜ್ಜಿ.

ಮಳೆ ಬಂತು.

"ಕುದುರೆಗೆ ಕಷ್ಟ. ನಿಧಾನ ಆಗುತ್ತೆ."

ತಟ್ಟೆಯಲ್ಲಿ ಬಾಲದ ಕೊಬ್ಬು ತಣ್ಣಗಾಗಿ ಮೇಣದಂತೆ ಬಿಳಿಚಿಕೊಂಡಿತು. ಮಕ್ಪಾಲ್ ಅದನ್ನು ಎರಡು ಸಲ ಬಿಸಿಮಾಡಿದಳು. ಮೂರನೆಯ ಸಲ ಒಲೆಯ ಕಡೆ ಹೋಗುವಾಗ ಬಾಗಿಲು ಗಾಳಿಗೆ ತೆರೆದುಕೊಂಡಿತು. ಮುಚ್ಚಲು ಹೋದವಳು ಅಲ್ಲೇ ನಿಂತುಬಿಟ್ಟಳು.

ಹೊಸಿಲ ಮೇಲೆ ಹಿಮ ಬೀಳುತ್ತಿತ್ತು.

"ಅಜೆ," ಎಂದಳು. ಧ್ವನಿ ಅವಳದ್ದೇ ಅನ್ನಿಸಲಿಲ್ಲ. "ಅಜೆ... ಅತಿಥಿಗಳು ಬಂದ್ರು."

*

ಆಮೇಲೆ ನಡೆದದ್ದನ್ನು ಹೆಚ್ಚು ಹೇಳುವುದಿಲ್ಲ. ಇಬ್ಬರೂ ರಜಾಯಿ ಹೊತ್ತು ಓಡಿದರು. ಅಷ್ಟರಲ್ಲಿ ಗಾಳಿ ಹಾಳೆಯನ್ನು ಉದ್ದಕ್ಕೆ ಸೀಳಿತ್ತು. ಒಗೆದ ರಜಾಯಿಗಳು ಕ್ಷಣದಲ್ಲಿ ಹಿಮ ಹೀರಿ ಕಲ್ಲಿನಷ್ಟು ಭಾರವಾದವು. ಗಿಡ ಉಳಿಸಲು ಹಾಸಿದ್ದೇ ಗಿಡಗಳ ಕತ್ತು ಮುರಿಯಿತು. ಎಂಬತ್ತು ದಾಟಿದ ಅಜ್ಜಿ ಹಿಮದಲ್ಲಿ ಕೂತು ಕೈಯಿಂದ ಸಸಿಗಳ ಮೇಲಿನ ಹಿಮ ತೆಗೆಯುತ್ತಿದ್ದಳು. ತೆಗೆದಷ್ಟೂ ಬೀಳುತ್ತಿತ್ತು. ಕೊನೆಗೆ ಮಕ್ಪಾಲ್ ಅವಳನ್ನು ಎತ್ತಿಕೊಂಡೇ ಒಳಗೆ ತಂದಳು.

ಬೆಳಗಿನ ಜಾವಕ್ಕೆ ಆಕಾಶ ತಿಳಿಯಾಯಿತು. ನಕ್ಷತ್ರಗಳು ಒಗೆದಿಟ್ಟಂತೆ ಹೊಳೆದವು. ಆಗಲೇ ನಿಜವಾದ ಚಳಿ ಇಳಿದದ್ದು.

ಸೂರ್ಯ ಬಂದಾಗ ಟೊಮೇಟೊ ಮಡಿ ಕರ್ರಗಾಗಿತ್ತು. ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಡ್ಡಿಗೆ ಅಂಟಿಕೊಂಡಿದ್ದವು. ಮುಟ್ಟಿದರೆ ಬೆರಳಿಗೆ ನೀರು.

ಮಕ್ಪಾಲ್ ಅಳಲಿಲ್ಲ. ಒಂದೊಂದೇ ಗಿಡವನ್ನು ಮುಟ್ಟುತ್ತ ಸಾಲಿನ ಕೊನೆವರೆಗೆ ಹೋದಳು. ಎಲ್ಲಾದರೂ ಒಂದು ಹಸಿರು ಎಲೆ... ಎಲ್ಲೂ ಇರಲಿಲ್ಲ. ಕೊನೆಯ ಗಿಡದ ಬಳಿ ಕೂತಳು. ಮತ್ತೆ ಏಳುವುದು ಹೇಗೆಂದು ಅವಳಿಗೆ ಹೊಳೆಯಲಿಲ್ಲ.

ಅಜ್ಜಿ ಹೊಸಿಲ ಮೇಲೆ ನಿಂತು ಹೇಳಿದಳು: "ಕೊಟ್ಟವನೂ ಅವನೇ. ತಗೊಂಡವನೂ ಅವನೇ." ಆಮೇಲೆ ಸೊರಗಿದ ದನಿಯಲ್ಲಿ, "ಆದ್ರೆ ರಜಾಯಿ ತೆಗೆಸಿದವಳು ನಾನು," ಎಂದಳು.

*

ಮಧ್ಯಾಹ್ನದೊಳಗೆ ಊರಿಗೆಲ್ಲ ತಿಳಿಯಿತು. ಹಿಮವನ್ನು ಹೆಣ್ಣು ಕೇಳೋಕೆ ಬಂದ ಬೀಗರೆಂದು ತಿಳಿದು ಕುರಿ ಕೊಯ್ದ ಮನೆ! ಬಾವಿಯ ಬಳಿ ಹೆಂಗಸರು ಬಾಯಿಗೆ ತಲೆವಸ್ತ್ರದ ಅಂಚು ಹಿಡಿದು ನಕ್ಕರು. ನೆಸಿಪ್ಕುಲ್ ಮಾತ್ರ ನಗಲಿಲ್ಲ. ಅವಳು ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ.

ಮೂರನೆಯ ದಿನ ಜತೆಗಾರ ಮರಳಿದ. ಕೂಡಲೇ ದೌರೆನ್ ಬೆಟ್ಟ ಇಳಿದು ಬಂದ. ಬೇಲಿಯ ಬಳಿಯೇ ನಿಂತ. ಮಡಿಯನ್ನು ನೋಡಿದ.

"ಹೊದಿಸಿ ಅಂತ ಹೇಳಿ ಕಳಿಸಿದ್ದೆನಲ್ಲ..."

"ಹೊದಿಕೆ ಸಿದ್ಧ ಮಾಡಿ ಅಂದ್ರಿ. ಮಾಡಿದ್ವಿ." ಮಕ್ಪಾಲ್ ತಲೆಯೆತ್ತಲಿಲ್ಲ. "ತೆಗೆದು, ಒಗೆದು, ಮಡಚಿ ಇಟ್ವಿ."

"ಒಳಗಾ? ಯಾಕೆ?"

ಅವಳ ಕುತ್ತಿಗೆ ಕೆಂಪಾಗುತ್ತಿತ್ತು. ಅಂಗಳದಲ್ಲಿ ಒಣಹಾಕಿದ್ದ ಕುರಿಯ ಚರ್ಮವನ್ನು ಅವನು ನೋಡಿದ. ಅವನ ತುಟಿ ಮೆಲ್ಲಗೆ ತನ್ನದೇ ಮಾತನ್ನು ಮತ್ತೆ ಹೇಳಿತು. 'ಐದು ಅತಿಥಿಗಳು... ನಮ್ಮ ಕಡೆಯಿಂದ...'

ಅರ್ಥವಾಯಿತು.

ಅವನ ಮುಖ ಬಿಳುಪೇರಿತು. ಏನೋ ಹೇಳಲು ಬಾಯಿ ತೆರೆದ. ಹೇಳಲಿಲ್ಲ.

ಮಕ್ಪಾಲ್ ಕಾದಳು. ಒಂದು ಮಾತು ಸಾಕಿತ್ತು ಅವಳಿಗೆ. ಆದರೆ ಅವನು ನೆಲ ನೋಡುತ್ತ ನಿಂತಿದ್ದ. ಆ ಮೌನಕ್ಕೆ ಅವಳು ಒಂದೇ ಅರ್ಥ ಕಂಡಳು.

"ಹೋಗಿ," ಎಂದಳು. "ಊರು ನಕ್ಕಿದ್ದು ಸಾಕು. ನೀವೂ ನಗೋದಾದ್ರೆ ಬೇಲಿಯಾಚೆ ಹೋಗಿ ನಗಿ."

"ಮಕ್ಪಾಲ್, ನಾನು..."

"ತೋಟ ಹೋಯ್ತು. ಕೊಕೆ ಲಾರಿ ತರ್ತಾರೆ. ಇನ್ನು ನಿಮಗೆ ಇಲ್ಲಿ ಹಿಡಿಯೋಕೆ ಹುಳಾನೂ ಇಲ್ಲ."

ಅವನು ಹೋದ. ಬೆನ್ನು ತಿರುಗಿಸಿ ಕೂತಿದ್ದ ಅವಳಿಗೆ ಅವನ ಹೆಜ್ಜೆಯ ಸದ್ದು ದಾರಿಯ ತಿರುವಿನವರೆಗೂ ಕೇಳಿಸಿತು.

*

ಹತ್ತು ದಿನದ ಮೇಲೆ ಚಿಕ್ಕಪ್ಪ ಒಂಗಾರ್ ಲಾರಿ ತಂದ. ಮಡಿಯನ್ನು ನೋಡಿ, ಟೋಪಿ ತೆಗೆದು ತಲೆ ಸವರಿಕೊಂಡ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಮಕ್ಪಾಲಳಿಗೆ.

ಪೆಟ್ಟಿಗೆ, ಚಹಾ ಕಾಯಿಸುವ ಸಮೋವರ್, ರಜಾಯಿ ಎಲ್ಲ ಲಾರಿಗೆ ಏರಿದವು. ಹೊರಡುವ ಮುಂಚೆ ಕೊನೆಯ ಚಹಾಕ್ಕೆ ಬರಿಯ ನೆಲದ ಮೇಲೆ ಬಟ್ಟೆ ಹಾಸಿ ಕೂತರು. ಒಂಗಾರ್ ಮತ್ತು ಅಜ್ಜಿ ಬಾಗಿಲಿಗೆದುರಾದ ಮೇಲಿನ ಜಾಗದಲ್ಲಿ, ಮಕ್ಪಾಲ್ ಚಹಾ ಬಸಿಯುತ್ತ ಪಕ್ಕದಲ್ಲಿ.

ಬಾಗಿಲಲ್ಲಿ ನೆರಳು ಬಿತ್ತು.

ದೌರೆನ್. ಇಸ್ತ್ರಿ ಮಾಡಿದ ಬಿಳಿ ಅಂಗಿ. ಬರಿಗೈ.

"ಅಸ್ಸಲಾಮು ಅಲೈಕುಂ," ಎಂದು ಬಾಗಿಲ ಬಳಿಯೇ ಮಂಡಿಯೂರಿ ಕೂತ.

"ನೀನೇನಾ ಆ ಹವಾಮಾನದವನು?" ಒಂಗಾರ್ ಕೇಳಿದ. "ಏನು ಬಂದೆ?"

"ಹೆಣ್ಣು ಕೇಳೋಕೆ ಬಂದೆ."

ಒಂಗಾರ್ ನಗಲೋ ಗದರಲೋ ತಿಳಿಯದೆ ಅಜ್ಜಿಯ ಕಡೆ ನೋಡಿದ. "ಯಾವ ಊರಿನ ಪದ್ಧತಿಯಪ್ಪಾ ಇದು? ಗಂಡು ತಾನೇ ಬಂದು ಕೇಳ್ತಾನಾ? ನಿನ್ನ ದೊಡ್ಡವರೆಲ್ಲಿ? ಅಪ್ಪ ಬರ್ಲಿ, ದೊಡ್ಡಪ್ಪ ಬರ್ಲಿ, ಮಾವ ಬರ್ಲಿ. ಮಾತಾಡೋಣ."

"ಯಾರೂ ಇಲ್ಲ ಆಗಾ," ಎಂದ ದೌರೆನ್, ಹಿರಿಯರನ್ನು ಕರೆಯುವ ರೀತಿಯಲ್ಲಿ.

"ಯಾರೂ ಇಲ್ಲ ಅಂದ್ರೆ?"

ದೌರೆನ್ ಅಜ್ಜಿಯ ಕಡೆ ತಿರುಗಿದ. "ಅಜೆ, ಅವತ್ತು ನಿಮಗೆ ಏಳು ತಲೆಮಾರಿನ ಹೆಸರು ಹೇಳಿದ್ದೆ. ಏಳೂ ಜನ ಸತ್ತವರೇ. ಕೊನೇದಾಗಿ ಅಪ್ಪ ಹೋದಾಗ ನಂಗೆ ಆರು ವರ್ಷ. ಅನಾಥಾಲಯದಲ್ಲಿ ಮಲಗೋ ಮುಂಚೆ ದಿನಾ ಆ ಹೆಸರು ಹೇಳ್ಕೊಳ್ತಿದ್ದೆ, ಮರೀಬಾರದು ಅಂತ. ನೀವು ಕಡೆಯವರು ಎಲ್ಲಿ ಅಂದಾಗ ದೂರ ಇದ್ದಾರೆ ಅಂದೆ. ನಾಚಿಕೆಯಾಯ್ತು ಅಜೆ." ಅವನು ಬಾಗಿಲ ಹೊರಗಿನ ಬೇಲಿಯತ್ತ ನೋಡಿದ. "ಅವತ್ತು ಬೇಲಿ ಹತ್ರ ನಿಂತಾಗ ಇವರು ಯಾರಿಗಾಗಿ ಕಾದಿದ್ರು ಅಂತ ಗೊತ್ತಾಯ್ತು. ಐದು ಜನ ಎಲ್ಲಿ... ಕಳಿಸೋಕೆ ನಂಗೆ ಒಬ್ಬರೂ ಇಲ್ಲ. ಅದಕ್ಕೇ ಬಾಯಿ ಬರಲಿಲ್ಲ."

ಮಕ್ಪಾಲ್ ಬಟ್ಟಲನ್ನು ಕೆಳಗಿಟ್ಟಳು. 'ನಾನು ಅದನ್ನು ನಗು ಅಂದ್ಕೊಂಡೆ. ಬೇಡ ಅಂದ ಅಂದ್ಕೊಂಡೆ... ದೇವರೇ.'

ಒಂಗಾರನ ದನಿ ಸ್ವಲ್ಪ ಇಳಿಯಿತು. "ಪಾಪ ಕಣಯ್ಯಾ. ಆದ್ರೂ ಪದ್ಧತಿ ಅನ್ನೋದಿದೆ. ನಿನ್ನ ಪರವಾಗಿ ಮಾತಾಡೋ ಒಂದು ಹಿರಿಯ ಬಾಯಿ ಬೇಕು. ನಾಳೆ ಜಗಳ ಆದ್ರೆ ನಾನು ಯಾರನ್ನ ಹಿಡೀಲಿ? ಶಾಖಮಾಪಕಾನಾ?"

ಹೊರಗೆ ಲಾರಿಯ ಚಾಲಕ ಒಮ್ಮೆ ಹಾರ್ನ್ ಒತ್ತಿದ.

ಆಗ ಕುಲ್ಜಿಪಾ ಕೋಲು ಹಿಡಿದು ಎದ್ದಳು.

ಮನೆಯ ಹಿರಿಯಳಾಗಿ ಇಷ್ಟು ವರ್ಷ ಕೂತಿದ್ದ ಮೇಲಿನ ಜಾಗವನ್ನು ಬಿಟ್ಟಳು. ಒಂದೊಂದೇ ಹೆಜ್ಜೆ ಇಟ್ಟು ಬಟ್ಟೆಯ ಅಂಚು ಬಳಸಿ ಬಂದಳು. ಬಾಗಿಲ ಬಳಿ, ದೌರೆನ್ ಪಕ್ಕದಲ್ಲಿ, ನಿಟ್ಟುಸಿರು ಬಿಟ್ಟು ಕೂತಳು.

"ಅಪಾ, ಅಲ್ಲಿ ಚಳಿ. ಅಲ್ಲ್ಯಾಕೆ ಕೂತ್ರಿ?" ಒಂಗಾರ್ ಗಾಬರಿಯಾದ.

"ಅಪಾ ಅನ್ಬೇಡ. ಬೀಗಿತ್ತಿ ಅನ್ನು," ಎಂದಳು ಅಜ್ಜಿ. "ನಾನು ಗಂಡಿನ ಕಡೆಯವಳು."

"ಅಪಾ..."

"ದಾರಿ ದೂರ, ಬಂದು ಸುಸ್ತಾಗಿದೀವಿ. ಬೀಗರಿಗೆ ಒಂದು ಬಟ್ಟಲು ಚಹಾನೂ ಕೊಡಲ್ವಾ ಈ ಮನೇಲಿ? ಕೇಳಿದ್ದಕ್ಕಿಂತ ಜುಗ್ಗರು ಕಣಪ್ಪಾ ಇವರು," ಎಂದು ದೌರೆನ್ ಕಡೆ ತಿರುಗಿ ಹೇಳಿದಳು.

ಅವನು ತಲೆ ತಗ್ಗಿಸಿ ಕೂತಿದ್ದ. ಅವನ ಭುಜ ಅಲುಗುತ್ತಿತ್ತು.

ಅಜ್ಜಿ ನೆಟ್ಟಗಾದಳು. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಒಂಗಾರ್, ಈ ಹುಡುಗನಿಗೆ ಯಾರೂ ಇಲ್ಲ ಅನ್ಬೇಡ. ಇವನ ಅಜ್ಜಿ ನಾನು. ನಿನ್ನ ಅಣ್ಣನ ಮಗಳನ್ನ ನಮ್ಮ ಮನೆಗೆ ಕೇಳ್ತಾ ಇದೀನಿ. ಜಗಳ ಆದ್ರೆ ಬಂದು ನನ್ನ ಹಿಡಿ. ನಾನಿರೋ ತನಕ ನಾನು. ಆಮೇಲೆ ಮೇಲೊಬ್ಬ ಇದಾನೆ, ಅವನ ಹತ್ರ ಹೋಗು."

ಒಂಗಾರ್ ಕಿಟಕಿಯಾಚೆ ನೋಡಿದ. "ತೋಟ ಇಲ್ಲ. ಏನು ತಿಂತೀರಿ?"

"ನನ್ನ ಸಂಬಳ ಸಣ್ಣದು," ಎಂದ ದೌರೆನ್. "ಎಲೆಕೋಸು, ಕ್ಯಾರೆಟ್, ಆಲೂಗೆಡ್ಡೆಗೆ ಇನ್ನೂ ಹೊತ್ತು ಮೀರಿಲ್ಲ. ನಿಲ್ಲುತ್ತೆ ಅಂತ ಮಾತು ಕೊಡಲ್ಲ ಆಗಾ. ದುಡೀತೀನಿ ಅಂತ ಕೊಡ್ತೀನಿ."

"ಮಕ್ಪಾಲ್," ಚಿಕ್ಕಪ್ಪ ಕರೆದ. "ಇವರೆಲ್ಲ ಹುಚ್ಚರು. ನೀನು ಹೇಳು ಮಗಳೇ."

ಮಕ್ಪಾಲ್ ಬಾಗಿಲ ಬಳಿ ಕೂತ ಇಬ್ಬರನ್ನೂ ನೋಡಿದಳು. ಅವಳು ಹೇಳಿದ್ದು ಇಷ್ಟೇ:

"ನಾನು ಲಾರಿ ಹತ್ತಲ್ಲ ಕೊಕೆ."

ಒಂಗಾರ್ ರೊಟ್ಟಿಯನ್ನು ತೆಗೆದುಕೊಂಡ. ಮುರಿದ. ಒಂದು ತುಂಡನ್ನು ತಾನು ಬಾಯಿಗಿಟ್ಟು, ಉಳಿದದ್ದನ್ನು ಬಾಗಿಲ ಕಡೆ ಚಾಚಿದ.

"ತಗೋ ಬೀಗಿತ್ತಿ," ಎಂದ. ಆಮೇಲೆ ಹೊರಗೆ ಹೋಗಿ ಚಾಲಕನಿಗೆ ಸಮೋವರ್ ಇಳಿಸಲು ಹೇಳಿದ. ಆ ನೆಪದಲ್ಲಿ ಲಾರಿಯ ಹಿಂದೆ ನಿಂತು ಕಣ್ಣೊರೆಸಿಕೊಂಡ.

*

ಸಂಜೆ ಇಬ್ಬರೂ ಸತ್ತ ಗಿಡಗಳನ್ನು ಕಿತ್ತು ಗುಡ್ಡೆ ಹಾಕಿದರು. ಬರಿಯ ಮಡಿ ಅಗಲವಾಗಿ, ಕಪ್ಪಾಗಿ ಬಿದ್ದಿತ್ತು. ಅದನ್ನು ನೋಡುತ್ತ ಮಕ್ಪಾಲಳ ಕಣ್ಣಿನಿಂದ ಈಗ ನೀರು ಇಳಿಯಿತು. ಒಂದೇ ಸಮನೆ, ಸದ್ದಿಲ್ಲದೆ.

ದೌರೆನ್ ಪಕ್ಕದಲ್ಲಿ ಕೂತ.

"ಇದೂ ಹೋದ್ರೆ?" ಅವಳು ಕೇಳಿದಳು. "ಮತ್ತೆ ಹಿಮ ಬಂದ್ರೆ, ಹುಳ ಬಂದ್ರೆ... ನಮ್ಮ ಕೈಲಿ ಏನಿದೆ?"

"ಏನೂ ಇಲ್ಲ."

"ಹಾಗಂದ್ರೆ ಹೇಗೆ? ನಾಳೆ ಹೇಗಿರುತ್ತೆ ಅಂತ ಹೇಳಿ. ಅದೇ ತಾನೇ ನಿಮ್ಮ ಕೆಲಸ?"

"ಒಂದು ಸಲ ಹೇಳಿದ್ದಕ್ಕೆ ಏನಾಯ್ತು ನೋಡಿದಿಯಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅವನು ಏಕವಚನಕ್ಕೆ ಇಳಿದದ್ದು ಅವಳ ಕಿವಿಗೆ ಬಿತ್ತು.

"ನಿಜ ಹೇಳ್ಬೇಕಂದ್ರೆ," ಎಂದ ಅವನು, "ಪುಸ್ತಕದಲ್ಲಿ ನಾನು ಬರೆಯೋದು ಆ ಹೊತ್ತಿಂದು ಮಾತ್ರ. ನಾಳೆದನ್ನ ಬರೆಯೋನು ಬೇರೆ ಇದಾನಲ್ಲ."

"ಸರಿ. ಈ ಹೊತ್ತಿಂದು ಹೇಳು."

ಅವನು ಆಕಾಶ ನೋಡಿದ. ಮಡಿಯನ್ನು ನೋಡಿದ. ಕೊನೆಗೆ ಮಣ್ಣು ಮೆತ್ತಿದ ಅವಳ ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡ.

"ಗಾಳಿ ಇಲ್ಲ. ನೆಲ ತಣ್ಣಗಿದೆ," ಎಂದ. "ಮಕ್ಪಾಲ್ ಇದಾಳೆ."